ಹಾರ್ಮೋನಿಕ್ ಬ್ಯಾಲೆನ್ಸರ್ ಕಳಚುವಾಗ ಪುಲ್ಲರಿನ ಕಾಲುಗಳನ್ನು ಎಲ್ಲಿಗೆ ಸಿಕ್ಕಿಸಬೇಕು? (2003ರ ಸಿಲ್ವೆರಾಡೋ, 5.3 ಲೀಟರ್ ವಿ8)

ಪ್ರಶ್ನೆ: ಹಳೇಟ್ರಕ್ (ಕೊಲಂಬಸ್, ಒಹಾಯೋ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2003ರ ಷೆವರ್ಲೆ ಸಿಲ್ವೆರಾಡೋ 1500 ಟ್ರಕ್ ಇದೆ. 5.3 ಲೀಟರಿನ ವಿ8 ಪೆಟ್ರೋಲ್ ಎಂಜಿನ್, ಈವರೆಗೆ 1,80,000 ಮೈಲಿ ಓಡಿದೆ. ವಯಸ್ಸಿಗೆ ತಕ್ಕಂತೆ ಕ್ರ್ಯಾಂಕ್‌ಶಾಫ್ಟಿನ (ಪಿಸ್ಟನ್ನುಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡದ) ಮುಂಬದಿಯ ಆಯಿಲ್ ಸೀಲ್ ಗಡುಸಾಗಿ ಎಣ್ಣೆ ಜಿನುಗತೊಡಗಿದೆ. ಒಂದು ರಾತ್ರಿ ನಿಂತರೆ ಮನೆ ಮುಂದಿನ ಕಾಂಕ್ರೀಟಿನ ಮೇಲೆ ಅಂಗೈಯಗಲದ ಕಲೆ ಬೀಳುತ್ತದೆ. ಸೀಲಿನ ಬೆಲೆ ತೀರಾ ಕಡಿಮೆ, ಆದರೆ ಅದು ಕೂತಿರುವುದು ಆ ದಂಡದ ತುದಿಯಲ್ಲಿ ಬೆಲ್ಟ್ ಓಡಿಸುವ ಭಾರವಾದ ಚಕ್ರದ, ಅಂದರೆ ಹಾರ್ಮೋನಿಕ್ ಬ್ಯಾಲೆನ್ಸರಿನ ಹಿಂದೆ. ಇಲ್ಲಿನ ಕೂಲಿಯ ದರ ಕೇಳಿದ ಮೇಲೆ, ಊರಿನಲ್ಲಿ ಅಪ್ಪನ ಜೊತೆ ಟಿಲ್ಲರ್ ಬಿಚ್ಚಿ ಜೋಡಿಸಿದ ಅನುಭವವನ್ನೇ ನಂಬಿ ಕೆಲಸಕ್ಕೆ ಕೈ ಹಾಕಿದೆ.

ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ, ಫ್ಯಾನ್ ಮತ್ತು ಅದರ ಕವಚವನ್ನು ತೆಗೆದು, ಮುಖ್ಯ ಬೆಲ್ಟನ್ನೂ ಎಸಿಯ ಬೆಲ್ಟನ್ನೂ ಕಳಚಿದೆ. ನಡುವಿನ ಬೋಲ್ಟ್ 24 ಮಿಲಿಮೀಟರ್ ಸಾಕೆಟ್ ಮತ್ತು ಇಂಪ್ಯಾಕ್ಟ್ ಗನ್ನಿಗೆ ಮಣಿದು ಹೊರಬಂತು. ತೊಂದರೆ ಶುರುವಾದದ್ದು ಅದಾದ ಮೇಲೆ. ಬಿಡಿಭಾಗಗಳ ಅಂಗಡಿಯೊಂದರಿಂದ ಠೇವಣಿ ಇಟ್ಟು ತಂದ ಮೂರು ಕಾಲಿನ ಪುಲ್ಲರನ್ನು (ಬಿಗಿಯಾಗಿ ಕೂತ ಭಾಗವನ್ನು ಎಳೆದು ತೆಗೆಯುವ ಉಪಕರಣ) ಬೆಲ್ಟ್ ಓಡುವ ಹೊರ ಅಂಚಿಗೆ ಸಿಕ್ಕಿಸಿ, ನಡುವಿನ ತಿರುಪನ್ನು ಬಿಗಿ ಮಾಡುತ್ತಾ ಹೋದೆ. ಬ್ಯಾಲೆನ್ಸರ್ ಒಂದಿಷ್ಟೂ ಕದಲಲಿಲ್ಲ. ಕೊನೆಗೆ ಟಪ್ಪೆಂದು ಒಂದು ಕಾಲು ಜಾರಿ, ಬೆಲ್ಟಿನ ಗೀರುಗಳ ಅಂಚಿನಿಂದ ಉಗುರಿನಷ್ಟು ಚೂರು ಹಾರಿಹೋಯಿತು. ಟಾರ್ಚ್ ಹಿಡಿದು ನೋಡಿದಾಗ, ಒಳಗಿನ ಹಬ್ಬಿಗೂ ಹೊರಗಿನ ಉಂಗುರಕ್ಕೂ ನಡುವೆ ಇರುವ ಕಪ್ಪು ರಬ್ಬರಿನ ಪಟ್ಟಿ ಒಂದು ಕಡೆಯಲ್ಲಿ ತುಸು ಹೊರಗೆ ಉಬ್ಬಿರುವುದು ಕಂಡಿತು.

ಪುಲ್ಲರನ್ನು ಎಲ್ಲಿಗೆ ಸಿಕ್ಕಿಸಬೇಕಿತ್ತು? ಈ ಬ್ಯಾಲೆನ್ಸರನ್ನು ಮತ್ತೆ ಬಳಸಬಹುದೇ? ಕಳಚಿದರೆ ಎಂಜಿನ್ನಿನ ಟೈಮಿಂಗ್ (ಕಿಡಿ ಹೊತ್ತುವ ಸಮಯ) ತಪ್ಪುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಕಂಪನ (ಮಿಷಿಗನ್)

ಮೊದಲಿಗೆ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಉಳಿದ ಕೆಲಸವೆಲ್ಲ ಅದನ್ನು ಅವಲಂಬಿಸಿದೆ. ರಬ್ಬರು ಉಬ್ಬಿದ ಬ್ಯಾಲೆನ್ಸರನ್ನು ಮತ್ತೆ ಹಾಕಬೇಡಿ. ಅಂಚು ಮುರಿದದ್ದು ಬೆಲ್ಟಿಗೆ ಮಾತ್ರ ತೊಂದರೆ ಕೊಡಬಹುದಿತ್ತು, ಆದರೆ ರಬ್ಬರಿನ ಬೆಸುಗೆ ಬಿಟ್ಟಿದ್ದರೆ ಅದು ಕ್ರ್ಯಾಂಕ್‌ಶಾಫ್ಟಿಗೇ ಸಂಬಂಧಿಸಿದ ವಿಷಯ.

ಹೊರಗಿನಿಂದ ನೋಡುವವರಿಗೆ ಇದು ಬೆಲ್ಟ್ ತಿರುಗಿಸುವ ಒಂದು ಭಾರವಾದ ಪುಲ್ಲಿಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಎರಡು ತುಂಡುಗಳ ಯಂತ್ರ: ಒಳಗೆ ಕ್ರ್ಯಾಂಕಿನ ಮೂತಿಗೆ ಬಿಗಿಯಾಗಿ ಕೂರುವ ಹಬ್, ಹೊರಗೆ ತೂಕದ ಉಂಗುರ, ನಡುವೆ ಇವೆರಡನ್ನೂ ಹಿಡಿದಿಡುವ ರಬ್ಬರು. ವಿ8 ಎಂಜಿನ್ನಿನಲ್ಲಿ ಕ್ರ್ಯಾಂಕ್ 90 ಡಿಗ್ರಿ ತಿರುಗುವಷ್ಟರಲ್ಲಿ ಒಂದು ಸಿಲಿಂಡರ್ ಉರಿದು ಅದನ್ನು ತಳ್ಳುತ್ತದೆ. ಪ್ರತಿ ತಳ್ಳಿಗೂ ಆ ದಪ್ಪ ಉಕ್ಕಿನ ದಂಡ ಕಣ್ಣಿಗೆ ಕಾಣದಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಕೆಲವು ವೇಗಗಳಲ್ಲಿ ಈ ತಿರುಚುವಿಕೆಯ ಲಯ ದಂಡದ ಸಹಜ ಕಂಪನದ ಲಯಕ್ಕೆ ಕೂಡಿಬಂದು, ಜೋಕಾಲಿಯನ್ನು ಹೊತ್ತಿಗೆ ಸರಿಯಾಗಿ ತಳ್ಳಿದಂತೆ, ಸುತ್ತಿನಿಂದ ಸುತ್ತಿಗೆ ಹೆಚ್ಚುತ್ತದೆ. ಆಗ ಹೊರಗಿನ ಉಂಗುರ ತನ್ನ ಜಡತ್ವದಿಂದ ಒಂದೇ ಸಮನೆ ತಿರುಗಲು ಯತ್ನಿಸುತ್ತದೆ, ಹಬ್ ಹಿಂದೆ ಮುಂದೆ ಅದುರುತ್ತದೆ, ನಡುವಿನ ರಬ್ಬರು ಆ ಜಗ್ಗಾಟವನ್ನು ಶಾಖವಾಗಿ ಕರಗಿಸುತ್ತದೆ. ಉದ್ದನೆಯ ಕ್ರ್ಯಾಂಕ್‌ಗಳು ಮುರಿಯುತ್ತಿದ್ದ ಕಾಲದಲ್ಲಿ, 20ನೇ ಶತಮಾನದ ಆರಂಭಕ್ಕೆ, ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇಂಥ ಕಂಪನಶಾಮಕವನ್ನು ರೂಪಿಸಿದರು. ಆದ್ದರಿಂದ ಹಬ್ಬಿಗೂ ಉಂಗುರಕ್ಕೂ ನಡುವಿನ ಆ ಬೆರಳಗಲಕ್ಕೂ ಕಡಿಮೆ ರಬ್ಬರೇ ಈ ಭಾಗದ ಜೀವ.

ಇದರಿಂದಲೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕ್ರ್ಯಾಂಕನ್ನು ಕಚ್ಚಿ ಹಿಡಿದಿರುವುದು ಹಬ್, ನೀವು ಎಳೆದದ್ದು ಉಂಗುರವನ್ನು. ಪುಲ್ಲರಿನ ಬಲವೆಲ್ಲ ರಬ್ಬರಿನ ಮೂಲಕ ಹಾದುಹೋಗಬೇಕಾಯಿತು. ಅದು ಉಬ್ಬಿದ್ದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಬ್ಯಾಲೆನ್ಸರಿನ ಮುಖವನ್ನು ಒರೆಸಿ ನೋಡಿ, ಹಬ್ಬಿನಿಂದ ಮೂರು ಕಡ್ಡಿಗಳು ಹೊರಟು ನಡುವೆ ಮೂರು ಕಿಟಕಿಗಳು ಇರುವುದು ಕಾಣುತ್ತದೆ. ಪುಲ್ಲರಿನ ಕಾಲುಗಳು ಆ ಕಿಟಕಿಗಳ ಒಳಗೆ ಹೋಗಿ ಕಡ್ಡಿಗಳ ಹಿಂಬದಿಯನ್ನು, ಹಬ್ಬಿಗೆ ಎಷ್ಟು ಹತ್ತಿರವಾಗುತ್ತದೋ ಅಷ್ಟು ಹತ್ತಿರದಲ್ಲಿ, ಹಿಡಿಯಬೇಕು. ಸಾಮಾನ್ಯ ಪುಲ್ಲರಿನ ಕಾಲುಗಳು ದಪ್ಪವಾಗಿದ್ದು ಆ ಕಿಟಕಿಗಳಲ್ಲಿ ಸರಿಯಾಗಿ ಇಳಿಯುವುದಿಲ್ಲ. ಇಳಿದರೂ ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಅದರ ಉದ್ದಕ್ಕೆ ಜಾಗ ಸಾಲುವುದಿಲ್ಲ. ಈ ಎಂಜಿನ್ ಬಳಗಕ್ಕೆಂದೇ ಮಾಡಿದ, ಗಿಡ್ಡಗಿನ, ಸಪೂರ ಕೊಕ್ಕೆಗಳ ಮೂರು ಕಾಲಿನ ಪುಲ್ಲರ್ ಸಿಗುತ್ತದೆ. ಅಂಗಡಿಯಲ್ಲಿ ಎಲ್‌ಎಸ್ (ಈ ಬಳಗದ ಹೆಸರು) ಎಂಜಿನ್ನಿನ ಬ್ಯಾಲೆನ್ಸರ್ ಪುಲ್ಲರ್ ಎಂದೇ ಕೇಳಿ.

ಇನ್ನೊಂದು ವಿಷಯವನ್ನು ದಯವಿಟ್ಟು ಕಡೆಗಣಿಸಬೇಡಿ. ಪುಲ್ಲರಿನ ತಿರುಪು ಕ್ರ್ಯಾಂಕಿನ ಬೋಲ್ಟ್ ರಂಧ್ರದ ಬಾಯಿಗೆ ನೇರವಾಗಿ ಒತ್ತಿದರೆ ಮೊದಲ ಕೆಲವು ಮರೆಗಳು (ಥ್ರೆಡ್ಡಿನ ಸುತ್ತುಗಳು) ನುಜ್ಜಾಗುತ್ತವೆ. ಕ್ರ್ಯಾಂಕಿನ ಥ್ರೆಡ್ ಹಾಳಾದರೆ ಬ್ಯಾಲೆನ್ಸರಿನ ಹಾಗೆ ಹೊಸದನ್ನು ಕೊಂಡು ತರುವಂತಿಲ್ಲ. ಬೋಲ್ಟ್ 16 ಮಿಲಿಮೀಟರಿನದ್ದು, ಮರೆಯ ಅಂತರ 2 ಮಿಲಿಮೀಟರ್. ಆ ರಂಧ್ರದೊಳಗೆ ಸಡಿಲವಾಗಿ ಇಳಿಯುವ 12 ಮಿಲಿಮೀಟರ್ ದಪ್ಪದ ಉಕ್ಕಿನ ಸರಳನ್ನು, ತಳ ಮುಟ್ಟಿ ಕ್ರ್ಯಾಂಕಿನ ಮೂತಿಯಿಂದ ತುಸು ಹೊರಗೆ ಚಾಚುವಷ್ಟು ಉದ್ದಕ್ಕೆ ಕತ್ತರಿಸಿ ಒಳಗಿಡಿ. ತಿರುಪು ಆ ಸರಳನ್ನು ಒತ್ತಲಿ. ಒಳ್ಳೆಯ ಪುಲ್ಲರಿನ ಪೆಟ್ಟಿಗೆಯಲ್ಲಿ ಈ ಸರಳು ಇದ್ದೇ ಇರುತ್ತದೆ. ಬಾಡಿಗೆಗೆ ತಂದ ಪೆಟ್ಟಿಗೆಗಳಲ್ಲಿ ಮೊದಲು ಕಳೆದುಹೋಗಿರುವುದೂ ಅದೇ.

ಟೈಮಿಂಗ್ ತಪ್ಪುವುದಿಲ್ಲ. ಈ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಸ್ಥಾನವನ್ನು ಸೆನ್ಸರ್ ಓದುವುದು ಕ್ರ್ಯಾಂಕಿನ ಹಿಂಬದಿಯ ಹಲ್ಲುಚಕ್ರದಿಂದ; ಬ್ಯಾಲೆನ್ಸರಿಗೆ ಕೀಲಿಯೂ (ಜಾಗ ತಪ್ಪದಂತೆ ಹಿಡಿಯುವ ಲೋಹದ ತುಂಡು) ಇಲ್ಲ, ಕೀಲಿ ಕೂರುವ ತೋಡೂ ಇಲ್ಲ. ಆದರೂ ಕಳಚುವ ಮೊದಲು ಕ್ರ್ಯಾಂಕಿನ ತುದಿಗೂ ಹಬ್ಬಿಗೂ ಸೇರುವಂತೆ ಒಂದು ಗೆರೆ ಬಣ್ಣ ಎಳೆದು, ಹಬ್ಬಿನಲ್ಲಿ ಸಮತೋಲನಕ್ಕಾಗಿ ಸಣ್ಣ ತೂಕಗಳನ್ನು ಕೂರಿಸಿದ್ದಾರೆಯೇ ನೋಡಿಕೊಳ್ಳಿ. ಇದ್ದರೆ ಅವು ಇದ್ದ ಜಾಗವನ್ನು ಗುರುತು ಮಾಡಿ, ಹೊಸದರಲ್ಲೂ ಅದೇ ಜಾಗಕ್ಕೆ ಬರುವಂತೆ ಹಾಕಬೇಕಾಗುತ್ತದೆ.

ಉತ್ತರ: ಮಲೆನಾಡ ಜೀಪು

ನಮ್ಮ ಕಡೆ ಎರಡು ಸಬ್ಬಲ್ ಹಿಂದೆ ಕೊಟ್ಟು ಎದುರುಬದುರು ಮೀಟಿ, ಬರದಿದ್ದರೆ ಗ್ಯಾಸ್ ಜ್ವಾಲೆಯಿಂದ ಬಿಸಿ ಮಾಡಿ ಪುಲ್ಲಿ ತೆಗೆಯುವುದನ್ನು ನೋಡಿದ್ದೇನೆ. ಹೇಗೂ ಆ ಬ್ಯಾಲೆನ್ಸರ್ ಹೋಯಿತೆಂದ ಮೇಲೆ ಹೊಸ ಪುಲ್ಲರಿಗೆ ಹಣ ಸುರಿಯುವುದೇಕೆ?

ಉತ್ತರ: ಗ್ಯಾರೇಜ್ ದಾವಣಗೆರೆ

ಮಲೆನಾಡ ಜೀಪು ಅವರ ಮಾತಿನಲ್ಲಿ ಸುಳ್ಳಿಲ್ಲ, ನಾನೂ ಕೆಲಸ ಕಲಿಯುವಾಗ ಹಾಗೆಯೇ ತೆಗೆದಿದ್ದೇನೆ. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದ ಮೇಲೆ ಅದನ್ನು ಬಿಟ್ಟದ್ದೇಕೆ ಎಂಬುದನ್ನು ಹೇಳುತ್ತೇನೆ.

ಪುಲ್ಲಿ ಕೆಟ್ಟಿರಬಹುದು, ಆದರೆ ಸಬ್ಬಲ್ಲಿಗೆ ಆನಿಕೆ ಬೇಕಲ್ಲ? ಅದು ಆನಿಕೊಳ್ಳುವುದು ಎಂಜಿನ್ನಿನ ಮುಂದಿನ ಮುಚ್ಚಳಕ್ಕೆ. ಪ್ರಶ್ನೆ ಕೇಳಿದವರ ಎಂಜಿನ್ನಿನಲ್ಲಿ ಅದು ಅಲ್ಯುಮಿನಿಯಂ. ಪುಲ್ಲಿ ಅರ್ಧ ಇಂಚು ಬರುವಷ್ಟರಲ್ಲಿ ಮುಚ್ಚಳದಲ್ಲಿ ಕೂದಲೆಳೆಯ ಸೀಳು ಬಿದ್ದಿರುತ್ತದೆ, ಹೊಸ ಸೀಲ್ ಹಾಕಿದ ಮೇಲೂ ಅಲ್ಲಿಂದಲೇ ಎಣ್ಣೆ ಸೋರುತ್ತದೆ, ಆಗ ಗಿರಾಕಿ ಬೈಯುವುದು ಸೀಲನ್ನು. ಸುತ್ತಿಗೆಯ ಏಟಂತೂ ಇನ್ನೂ ಕೆಟ್ಟದ್ದು: ಕ್ರ್ಯಾಂಕಿನ ಉದ್ದಕ್ಕೆ ಬೀಳುವ ಪ್ರತಿ ಏಟನ್ನೂ ಕೊನೆಗೆ ತಡೆದುಕೊಳ್ಳುವುದು, ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗಿನ ತೆಳುವಾದ ತುಟಿ. ಬೆಂಕಿಯ ವಿಷಯಕ್ಕೆ ಬಂದರೆ, ರಬ್ಬರು ಸುಟ್ಟರೂ ಪರವಾಗಿಲ್ಲ ಎನ್ನಬಹುದು, ಆದರೆ ಹಿಂದೆ ಎಣ್ಣೆ ಒಸರುವ ಸೀಲ್ ಇದೆ, ಸುತ್ತ ವರ್ಷಗಳ ಜಿಡ್ಡು ಮೆತ್ತಿಕೊಂಡಿದೆ. ಗಾಡಿಯ ಕೆಳಗೆ ಮಲಗಿರುವವರು ಅಲ್ಲಿ ಜ್ವಾಲೆ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ.

ಎತ್ತಿನ ಗಾಡಿಯ ಚಕ್ರವನ್ನು ನೆನೆಸಿಕೊಳ್ಳಿ. ಅಚ್ಚಿನಿಂದ ಚಕ್ರ ಕಳಚುವವನು ಗುಂಬವನ್ನು ಹಿಡಿದು ಎಳೆಯುತ್ತಾನೆ, ಹೊರಗಿನ ಕಬ್ಬಿಣದ ಪಟ್ಟಾ ಹಿಡಿದು ಎಳೆಯುವುದಿಲ್ಲ. ಇಲ್ಲಿಯೂ ಅದೇ. ನಮ್ಮಲ್ಲಿಗೆ ಬರುವ ಹಲವು ಟೊಯೊಟಾ ಎಂಜಿನ್ನುಗಳ ಕ್ರ್ಯಾಂಕ್ ಪುಲ್ಲಿಯ ಹಬ್ಬಿನಲ್ಲೇ ಎರಡು ಥ್ರೆಡ್ ರಂಧ್ರಗಳಿರುತ್ತವೆ. ಅವುಗಳಿಗೆ ಎರಡು ಬೋಲ್ಟ್ ಹಾಕಿ, ಅಡ್ಡಪಟ್ಟಿಯ ನಡುವೆ ತಿರುಪು ಕೊಟ್ಟರೆ ಯಾವ ಜಗಳವೂ ಇಲ್ಲದೆ ಬರುತ್ತದೆ. ಆ ರಂಧ್ರಗಳು ಇರುವುದೇ ಪುಲ್ಲರಿಗಾಗಿ ಎಂದು ತಿಳಿಯದೆ ಎಷ್ಟೋ ಹುಡುಗರು ಅಂಚು ಮುರಿದು ತರುತ್ತಾರೆ.

ಪುಲ್ಲರ್ ಹಾಕಿದ ಮೇಲಿನ ಕೈಗೆಲಸದ ಬಗ್ಗೆ ಎರಡು ಮಾತು. ತಿರುಪಿನ ಮರೆಗಳಿಗೆ, ತುದಿಗೆ ಗ್ರೀಸ್ ಹಚ್ಚಿ. ಒಣ ತಿರುಪು ತನ್ನ ಥ್ರೆಡ್ಡನ್ನೇ ತಿಂದುಹಾಕುತ್ತದೆ. ಮೂರು ಕಾಲುಗಳೂ ಒಂದೇ ಆಳಕ್ಕೆ ಕೂತಿವೆಯೇ ಎಂದು ಬೆರಳಿಟ್ಟು ನೋಡಿ. ಮೊದಲ ಬಿಗಿ ಕೈಯಿಂದ, ಆಮೇಲೆ ಪಾನಾದಿಂದ ಕಾಲು ಸುತ್ತು, ನಿಲ್ಲಿಸಿ ಪಕ್ಕದಿಂದ ನೋಡಿ, ಮತ್ತೆ ಕಾಲು ಸುತ್ತು. ತಿರುಪು ಸೊಟ್ಟಗಾಗಿದ್ದರೆ ಸಡಿಲಿಸಿ ಮೊದಲಿನಿಂದ ಕೂರಿಸಿ. ಒಂದು ಕಾಲಿನ ಮೇಲೆ ಭಾರ ಹೆಚ್ಚಾದಾಗಲೇ ಅದು ಜಾರುವುದು. ಇಂಪ್ಯಾಕ್ಟ್ ಗನ್ನನ್ನು ಪುಲ್ಲರಿನ ತಿರುಪಿಗೆ ಹಚ್ಚಬೇಡಿ, ಬಲ ಎಷ್ಟು ಏರಿತೆಂದು ಕೈಗೆ ಗೊತ್ತಾಗುವುದಿಲ್ಲ. ಬಿಗಿ ತುಂಬ ಏರಿಯೂ ಪುಲ್ಲಿ ಅಲುಗದಿದ್ದರೆ ಹಾಗೇ ಬಿಟ್ಟು ಒಂದು ಟೀ ಕುಡಿದು ಬನ್ನಿ. ಬಿಗಿಯಲ್ಲಿ ನಿಂತ ಲೋಹ ಎಷ್ಟೋ ಸಲ ತಾನಾಗಿ ಟಣ್ಣೆಂದು ಬಿಡುತ್ತದೆ. ಆ ಹೊತ್ತಿನಲ್ಲಿ ಮುಖ ಪುಲ್ಲರಿನ ನೇರಕ್ಕೆ ಇರಬಾರದು, ಕಣ್ಣಿಗೆ ಕನ್ನಡಕ ಇರಲೇಬೇಕು. ನಮ್ಮ ಹುಡುಗನೊಬ್ಬನ ಹುಬ್ಬಿನ ಮೇಲೆ ಇಂದಿಗೂ ಮೂರು ಹೊಲಿಗೆಯ ಗುರುತು ಇದೆ.

ಹಳೇಟ್ರಕ್

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಪೂರ ಕಾಲಿನ ಪುಲ್ಲರ್ ತಂದೆ. ಕಬ್ಬಿಣದ ಅಂಗಡಿಯಲ್ಲಿ 12 ಮಿಲಿಮೀಟರ್ ಸರಳು ಸಿಗದೆ, ತಲೆ ಕತ್ತರಿಸಿದ ಉದ್ದನೆಯ ಬೋಲ್ಟೊಂದರ ಮರೆಯಿಲ್ಲದ ಭಾಗವನ್ನು ಬಳಸಿದೆ. ಕಿಟಕಿಗಳ ಒಳಗೆ ಕಾಲು ಹೊಕ್ಕಾಗಲೇ ಹಿಡಿತದ ವ್ಯತ್ಯಾಸ ಕೈಗೆ ತಿಳಿಯಿತು. ಎಂಟು ಹತ್ತು ಕಾಲು ಸುತ್ತುಗಳಾದ ಮೇಲೆ ಒಮ್ಮೆ ಕಟಕ್ಕೆಂದು ಸದ್ದಾಗಿ, ಆಮೇಲೆ ಬೆಣ್ಣೆಯೊಳಗಿನ ಚಾಕುವಿನಂತೆ ಜಾರಿ ಬಂತು. ಕ್ರ್ಯಾಂಕಿನ ಮರೆಗಳು ಚೆನ್ನಾಗಿವೆ. ಕಳಚಿದ ಬ್ಯಾಲೆನ್ಸರಿನ ಉಂಗುರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿದರೆ ಉಬ್ಬಿದ ಕಡೆ ರಬ್ಬರು ಬಾಯಿ ಬಿಡುತ್ತದೆ. ಹೊಸದಕ್ಕೆ ಆರ್ಡರ್ ಮಾಡಿದ್ದೇನೆ.

ಈಗ ಹೊಸದನ್ನು ಕೂರಿಸುವುದು ಹೇಗೆ? ನನ್ನ ಹಳೆಯ ಬೋಲ್ಟನ್ನೇ ಹಾಕಿ ಬಿಗಿ ಮಾಡುತ್ತಾ ಎಳೆದುಕೊಂಡರೆ ಸಾಲದೇ?

ಉತ್ತರ: ಕಂಪನ (ಮಿಷಿಗನ್)

ಸಾಲದು, ಮತ್ತು ಅದರಿಂದ ಕ್ರ್ಯಾಂಕಿಗೆ ಅಪಾಯ. ಹೊಸ ಬ್ಯಾಲೆನ್ಸರ್ ಹೊರಗಿರುವಾಗ ಬೋಲ್ಟಿನ ಎರಡು ಮೂರು ಮರೆಗಳಷ್ಟೇ ಕ್ರ್ಯಾಂಕನ್ನು ಹಿಡಿದಿರುತ್ತವೆ. ಅಷ್ಟರ ಮೇಲೆ ಇಡೀ ಒತ್ತುವ ಬಲ ಬಿದ್ದರೆ ಮರೆಗಳು ಕಿತ್ತು ಬರುತ್ತವೆ. ಕೂರಿಸಲು ಬೇರೆ ಉಪಕರಣವಿದೆ: ಅದೇ 16 ಮಿಲಿಮೀಟರ್ ಥ್ರೆಡ್ಡಿನ ಉದ್ದನೆಯ ದಂಡ, ಅದರ ಮೇಲೆ ದಪ್ಪ ನಟ್, ನಡುವೆ ತಿರುಗಲು ಒಂದು ಬೇರಿಂಗ್ ಮತ್ತು ವಾಷರ್. ದಂಡವನ್ನು ಕ್ರ್ಯಾಂಕಿನೊಳಗೆ ಕನಿಷ್ಠ 25 ಮಿಲಿಮೀಟರ್ ಆಳಕ್ಕೆ ಕೈಯಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ದಂಡ ತಿರುಗದಂತೆ ಹಿಡಿದು ನಟ್ಟನ್ನು ಮಾತ್ರ ತಿರುಗಿಸಬೇಕು. ಬ್ಯಾಲೆನ್ಸರ್ ನೇರವಾಗಿ, ನಿಧಾನವಾಗಿ ಒಳಗೆ ಹೋಗುತ್ತದೆ. ಸುತ್ತಿಗೆಗೆ ಇಲ್ಲಿಯೂ ಕೆಲಸವಿಲ್ಲ.

ಇನ್ನು ಬಿಗಿಯ ಲೆಕ್ಕ. ಉಪಕರಣದಿಂದ ಆದಷ್ಟು ಒಳಗೆ ಒತ್ತಿದ ಮೇಲೆ ನಿಮ್ಮ ಹಳೆಯ ಬೋಲ್ಟನ್ನು ಹಾಕಿ 330 ನ್ಯೂಟನ್ ಮೀಟರ್, ಅಂದರೆ 240 ಪೌಂಡ್-ಅಡಿಗೆ ಬಿಗಿ ಮಾಡಿ. ಒಂದು ಮೀಟರ್ ಉದ್ದದ ರಾಡಿನ ತುದಿಯಲ್ಲಿ ಸುಮಾರು 34 ಕಿಲೋ ತೂಗಿದರೆ ಆಗುವಷ್ಟು ಬಲ ಅದು. ಹಳೆಯ ಬೋಲ್ಟಿನ ಕೆಲಸ ಬ್ಯಾಲೆನ್ಸರನ್ನು ಕೊನೆಯವರೆಗೆ ಕೂರಿಸುವುದಷ್ಟೇ. ಅದನ್ನು ತೆಗೆದು ಆಳ ಅಳೆಯಿರಿ: ಕ್ರ್ಯಾಂಕಿನ ಮೂತಿ ಬ್ಯಾಲೆನ್ಸರ್ ಹಬ್ಬಿನ ಮುಖಕ್ಕಿಂತ 2.4ರಿಂದ 4.48 ಮಿಲಿಮೀಟರ್ ಒಳಗಿರಬೇಕು. ಅದಕ್ಕಿಂತ ಆಳದಲ್ಲಿ ಇದ್ದರೆ ಬ್ಯಾಲೆನ್ಸರ್ ಪೂರ್ತಿ ಕೂತಿಲ್ಲವೆಂದು ಅರ್ಥ. ಮತ್ತೆ ಉಪಕರಣ ಹಾಕಿ. ಅಳತೆ ಸರಿಬಂದ ಮೇಲೆ ಹೊಚ್ಚ ಹೊಸ ಬೋಲ್ಟನ್ನು 50 ನ್ಯೂಟನ್ ಮೀಟರಿಗೆ ಬಿಗಿಮಾಡಿ, ಅಲ್ಲಿಂದ ಮುಂದೆ 140 ಡಿಗ್ರಿ ತಿರುಗಿಸಬೇಕು. ಡಿಗ್ರಿ ಅಳೆಯುವ ಉಪಕರಣ ಇಲ್ಲದಿದ್ದರೆ ಬೋಲ್ಟಿನ ಆರು ಮೂಲೆಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ: ಒಂದು ಮೂಲೆಯಿಂದ ಇನ್ನೊಂದಕ್ಕೆ 60 ಡಿಗ್ರಿ, ಹಾಗಾಗಿ ಎರಡು ಮೂಲೆ ದಾಟಿ ಮೂರನೆಯದರ ದಾರಿಯಲ್ಲಿ ಮೂರನೇ ಒಂದು ಭಾಗ.

ಹೊಸ ಬೋಲ್ಟ್ ಏಕೆಂದರೆ, ಈ ಬೋಲ್ಟ್ ತನ್ನ ಸ್ಥಿತಿಸ್ಥಾಪಕ ಮಿತಿಯನ್ನು ಮುಟ್ಟುವವರೆಗೆ ಹಿಗ್ಗಿ ಹಿಡಿಯುವಂಥದ್ದು. ಒಮ್ಮೆ ಹಾಗೆ ಹಿಗ್ಗಿದ್ದು ಎರಡನೇ ಬಾರಿ ಅಷ್ಟೇ ಬಲದಿಂದ ಹಿಡಿಯುತ್ತದೆಂಬ ನಂಬಿಕೆ ಇಲ್ಲ. ಕೀಲಿಯಿಲ್ಲದ ಈ ಬ್ಯಾಲೆನ್ಸರನ್ನು ತಿರುಗದಂತೆ ಹಿಡಿದಿಡುವುದು ಬಿಗಿ ಕೂರಿಕೆ ಮತ್ತು ಆ ಬೋಲ್ಟಿನ ಒತ್ತು ಮಾತ್ರ. ಹಿಡಿತ ಸಡಿಲಾಗಿ ಹಬ್ ಕ್ರ್ಯಾಂಕಿನ ಮೇಲೆ ಉಜ್ಜಿಕೊಂಡು ತಿರುಗಿದರೆ ಕ್ರ್ಯಾಂಕಿನ ಮೂತಿಯೇ ಸವೆಯುತ್ತದೆ.

ಇಷ್ಟು ಬಿಗಿ ಮಾಡುವಾಗ ಎಂಜಿನ್ ತಿರುಗದಂತೆ ತಡೆಯಲು ಸ್ಟಾರ್ಟರ್ ಮೋಟರನ್ನು ಇಳಿಸಿ, ಆ ಬಾಯಿಯಿಂದ ಫ್ಲೈವೀಲಿನ ಹಲ್ಲುಗಳಿಗೆ ಸಿಕ್ಕುವ ಲಾಕನ್ನು ಬೋಲ್ಟ್ ಹಾಕಿ ಕೂರಿಸಿ. ಸ್ಟಾರ್ಟರಿನ ದಪ್ಪ ತಂತಿಯಲ್ಲಿ ಸದಾ ಬ್ಯಾಟರಿಯ ಕರೆಂಟ್ ಇರುತ್ತದೆ, ಆದ್ದರಿಂದ ಬಿಡಿಸಿದ ನೆಗೆಟಿವ್ ತಂತಿ ಹಾಗೇ ಇರಲಿ. ಸ್ಕ್ರೂಡ್ರೈವರ್ ಸಿಕ್ಕಿಸಿ ತಡೆಯುವವರಿದ್ದಾರೆ. 330 ನ್ಯೂಟನ್ ಮೀಟರಿಗೆ ಅದು ಬಾಗುತ್ತದೆ ಅಥವಾ ಹಲ್ಲು ಮುರಿಯುತ್ತದೆ.

ಉತ್ತರ: ಗ್ಯಾರೇಜ್ ದಾವಣಗೆರೆ

ಹೊಸ ಸೀಲ್ ಒತ್ತುವ ಮೊದಲು ಒಂದು ಮಾತು. ಹಳೆಯ ಬ್ಯಾಲೆನ್ಸರಿನ ಹಬ್ಬಿನ ಮೇಲೆ ಸೀಲಿನ ತುಟಿ ಉಜ್ಜುವ ಜಾಗಕ್ಕೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕುವಷ್ಟು ತೋಡು ಬಿದ್ದಿದ್ದರೆ, ನಿಮ್ಮ ಎಣ್ಣೆ ಸೋರಿಕೆಗೆ ಸೀಲಿನಷ್ಟೇ ಅದೂ ಕಾರಣ. ನೀವು ಹೊಸ ಬ್ಯಾಲೆನ್ಸರ್ ಹಾಕುತ್ತಿರುವುದರಿಂದ ಆ ಚಿಂತೆ ತಪ್ಪಿತು. ಹಳೆಯದನ್ನೇ ಹಾಕುವವರು ಆ ಜಾಗಕ್ಕೆ ತೆಳುವಾದ ಉಕ್ಕಿನ ತೋಳು ತೊಡಿಸಬಹುದು, ಬೇರಿಂಗ್ ಅಂಗಡಿಗಳಲ್ಲಿ ಅಳತೆಗೆ ತಕ್ಕಂತೆ ಸಿಗುತ್ತದೆ.

ಉತ್ತರ: ಮೂರೂವರೆಸಾವಿರ (ಟೆಕ್ಸಾಸ್)

ಮುಂದೆ ಇದನ್ನು ಓದುವವರು ಎಲ್ಲ ಷೆವರ್ಲೆ ವಿ8ಗಳಿಗೂ ಒಂದೇ ಪುಲ್ಲರ್ ಎಂದುಕೊಳ್ಳಬಾರದೆಂದು ಇಷ್ಟನ್ನು ಸೇರಿಸುತ್ತೇನೆ. ನನ್ನದು 1972ರ ಪಿಕಪ್, ಹಳೆಯ ಪೀಳಿಗೆಯ 350 ಘನ ಇಂಚಿನ ಎಂಜಿನ್. 1955ರಲ್ಲಿ ಶುರುವಾದ ಆ ಬಳಗದ ಬ್ಯಾಲೆನ್ಸರಿನ ಹಬ್ಬಿನಲ್ಲಿ ಪುಲ್ಲಿಯನ್ನು ಕೂರಿಸುವ ಮೂರು ಥ್ರೆಡ್ ರಂಧ್ರಗಳಿವೆ, 3/8 ಇಂಚು, ಇಂಚಿಗೆ 24 ಮರೆ. ಅದಕ್ಕೆ ಕೊಕ್ಕೆಯ ಕಾಲುಗಳ ಪುಲ್ಲರ್ ಬೇಡವೇ ಬೇಡ. ಆ ರಂಧ್ರಗಳಿಗೆ ಬೋಲ್ಟ್ ಹಾಕಿ ಎಳೆಯುವ ಚಪ್ಪಟೆ ಪುಲ್ಲರ್ ಬೇಕು, ಬೋಲ್ಟುಗಳು ರಂಧ್ರದೊಳಗೆ ಪೂರ್ತಿ ಇಳಿದಿರಬೇಕು. ಅಲ್ಲಿ ಬ್ಯಾಲೆನ್ಸರಿಗೆ ಕೀಲಿ ಇದೆ, ಇಗ್ನಿಷನ್ ಟೈಮಿಂಗಿನ ಗುರುತು ಇರುವುದು ಹೊರ ಉಂಗುರದ ಮೇಲೆ. ರಬ್ಬರು ಬಿಟ್ಟು ಉಂಗುರ ಜಾರಿದರೆ ಗುರುತೂ ಜಾರುತ್ತದೆ. ನಾನು ಒಂದು ಇಡೀ ಬೇಸಿಗೆ ಟೈಮಿಂಗ್ ಲೈಟ್ ಹಿಡಿದು ಸರಿಪಡಿಸುತ್ತಲೇ ಇದ್ದೆ, ಎಂಜಿನ್ ಬಿಸಿಯಾಗುತ್ತಲೇ ಇತ್ತು. ಒಂದನೇ ಸಿಲಿಂಡರಿನ ಪಿಸ್ಟನ್ನನ್ನು ತುತ್ತತುದಿಗೆ ತಂದು ನೋಡಿದಾಗ ಗುರುತು ಸೊನ್ನೆಯಿಂದ ಬೆರಳಗಲ ದೂರ ನಿಂತಿತ್ತು. ಹಳೆಯ ಎಂಜಿನ್ ಇರುವವರು ಕಾರ್ಬ್ಯುರೇಟರನ್ನು ದೂರುವ ಮೊದಲು ಈ ಪರೀಕ್ಷೆ ಮಾಡಿಕೊಳ್ಳಿ.

ಹಳೇಟ್ರಕ್

ಕೆಲಸ ಮುಗಿಯಿತು. ಮೊದಲ ಸಲ ಆಳ ಅಳೆದಾಗ ಸುಮಾರು 5 ಮಿಲಿಮೀಟರ್ ಬಂತು, ಅಂದರೆ ಅರ್ಧ ಮಿಲಿಮೀಟರ್ ಇನ್ನೂ ಕೂರಬೇಕಿತ್ತು. ಅಳೆಯದೆ ಹೊಸ ಬೋಲ್ಟ್ ಹಾಕಿಬಿಟ್ಟಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಮತ್ತೆ ಉಪಕರಣ ಹಾಕಿ ಒತ್ತಿ, ಹಳೆಯ ಬೋಲ್ಟಿನಿಂದ ಬಿಗಿ ಮಾಡಿದ ಮೇಲೆ 3.1 ಆಯಿತು. ಹಳೆಯ ಹಬ್ಬಿನ ಮೇಲೆ ಉಗುರು ಸಿಕ್ಕುವಷ್ಟು ತೋಡು ಇದ್ದದ್ದೂ ನಿಜ. ಆರು ನೂರು ಮೈಲಿ ಓಡಿಸಿದ್ದೇನೆ. ಕೆಳಗೆ ಹಾಸಿದ ರಟ್ಟು ಒಣಗಿಯೇ ಇದೆ, ಎಂಜಿನ್ ಸುಮ್ಮನೆ ಓಡುವಾಗ ಮುಂದಿನಿಂದ ನೋಡಿದರೆ ಬ್ಯಾಲೆನ್ಸರ್ ಅಳ್ಳಾಡದೆ ತಿರುಗುತ್ತದೆ.

ಹಳೆಯ ಬೋಲ್ಟನ್ನು ಎಸೆಯಲೇ?

ಉತ್ತರ: ಕಂಪನ (ಮಿಷಿಗನ್)

ಎಸೆಯಬೇಡಿ. ತಲೆಗೆ ಕೆಂಪು ಬಣ್ಣ ಬಳಿದು ಪುಲ್ಲರಿನ ಪೆಟ್ಟಿಗೆಯಲ್ಲೇ ಇಡಿ. ಮುಂದಿನ ಸಲ ಬ್ಯಾಲೆನ್ಸರ್ ಕೂರಿಸಲು ಅದು ಬೇಕಾಗುತ್ತದೆ, ಬಣ್ಣ ಇದ್ದರೆ ಹೊಸದೆಂದು ತಿಳಿದು ಯಾರೂ ಅದನ್ನೇ ಉಳಿಸಿಬಿಡುವುದಿಲ್ಲ.